ತೀರ್ಥಹಳ್ಳಿ ಮಳೇಲಿ ಟೆಸರಾಕ್ಟ್ ಕಂಪೈಲ್ ಮಾಡಿದ್ದು: ನನ್ನ ಅನುಭವ

ಟೆಸರಾಕ್ಟ್ ಅಂದರೆ ಪುಟದ ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡಿಕೊಡುವ ತಂತ್ರಾಂಶ. ಅದನ್ನು ನಾನೇ ಕಂಪೈಲ್ ಮಾಡುತ್ತೇನೆ, ಅಂದರೆ ಮೂಲ ಕೋಡಿನಿಂದ ಕಟ್ಟುತ್ತೇನೆ ಅಂದಾಗ, "ಎಂತಕ್ಕೆ ಮಾರಾಯ, ಆಪ್ಟ್ ಇನ್‌ಸ್ಟಾಲ್ ಅಂತ ಹೊಡೆದ್ರೆ ಎರಡು ನಿಮಿಷದ ಕೆಲಸ" ಅಂತ ಶಿವಮೊಗ್ಗದ ಗೆಳೆಯ ನಕ್ಕಿದ್ದ. ಸುಳ್ಳಲ್ಲ, ಆ ಆಜ್ಞೆ ಸಿದ್ಧ ಆವೃತ್ತಿಯನ್ನು ತಂದು ಹಾಕುತ್ತದೆ. ಆದರೆ ನನ್ನ ಉಬುಂಟು 20.04ರಲ್ಲಿ ಹಾಗೆ ಹೊಡೆದರೆ ಬರುವುದು ಟೆಸರಾಕ್ಟ್‌ನ 4.1.1 ಆವೃತ್ತಿ, ನನಗೆ ಬೇಕಿದ್ದದ್ದು 5. ಅದರಲ್ಲಿ ಲೆಕ್ಕ ಡಬಲ್ (64 ಬಿಟ್‌ನ ದಶಮಾಂಶ ಸಂಖ್ಯೆ) ಬದಲು ಫ್ಲೋಟ್‌ನಲ್ಲಿ (ಅದರ ಅರ್ಧ ಗಾತ್ರದ್ದು) ನಡೆಯುತ್ತದೆ, ನನ್ನ ಮುದಿ ಲ್ಯಾಪ್‌ಟಾಪಿಗೆ ಅಷ್ಟು ಹಗುರವಾದರೂ ಲಾಭವೇ. ಕೈಲಿದ್ದದ್ದು ಹಳೇ ಅಚ್ಚುಮೊಳೆಯ ಯಕ್ಷಗಾನ ಪ್ರಸಂಗಗಳು, ಸುಮಾರು 1,200 ಪುಟ. ಟೈಪ್ ಮಾಡಿಸಿದರೆ ಪುಟಕ್ಕೆ 20 ರೂಪಾಯಿ ಹಿಡಿದರೂ 24,000.

ನನ್ನ ಅಂಗಡಿಯ ಬೇರೆ ಕೆಲಸ ಕೆಡಬಾರದು ಅಂತ ಪ್ರಿಫಿಕ್ಸ್ (ಎಲ್ಲಿ ಹಾಕಬೇಕು ಅನ್ನುವ ದಾರಿ) ಕೊಟ್ಟು ಎಲ್ಲವನ್ನೂ ಹೋಮ್ ಫೋಲ್ಡರಿನೊಳಗೇ ಹಾಕಿದೆ, ಟೆಸರಾಕ್ಟ್‌ಗೆ ಚಿತ್ರ ಓದಿಕೊಡುವ ಲೈಬ್ರರಿ ಲೆಪ್ಟೋನಿಕಾ ಕೂಡ. ಅದು ಸಲೀಸಾಗಿ ಆಯಿತು. ಟೆಸರಾಕ್ಟ್‌ನ ಕಾನ್ಫಿಗರ್ (ಕಟ್ಟುವ ಮೊದಲು ಬೇಕಾದ್ದೆಲ್ಲ ಇದೆಯಾ ಅಂತ ನೋಡುವ ಸ್ಕ್ರಿಪ್ಟ್) ಮಾತ್ರ "ಲೆಪ್ಟೋನಿಕಾ 1.74 ಅಥವಾ ಮೇಲಿನದು ಬೇಕು" ಅಂತ ಹಟ ಹಿಡಿಯಿತು. ಪಕ್ಕದಲ್ಲೇ ಇದೆ, ಕಾಣ್ತಾ ಇಲ್ಲ! ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಕೆಜಿ ಕಾನ್ಫಿಗ್‌ಗೆ ದಾರಿ ತೋರಿಸಿರಲಿಲ್ಲ, ಅಷ್ಟೇ. ಅದಕ್ಕೆ ಅರ್ಧ ದಿನ.

ಆಮೇಲೆ ಮಳೆ. ಜುಲೈ ತಿಂಗಳು, ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ, ಕರೆಂಟು ಹೋದಾಗಲೆಲ್ಲ ಕಂಪೈಲ್ ಮಾಡಿಸುವ ಮೇಕ್ ಅರ್ಧಕ್ಕೇ ನಿಲ್ಲುತ್ತಿತ್ತು. ಮತ್ತೆ ಹೊಡೆದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ ನಿಜ, ಆದರೆ ಕೊನೆಗೆ ತುಂಡುಗಳನ್ನು ಜೋಡಿಸುವ ಲಿಂಕರ್ ಬೈಯುತ್ತದೆ. ನೋಡಿದರೆ ಕರೆಂಟು ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ (ಅಂಥ ಒಂದು ತುಂಡು) ಸೊನ್ನೆ ಬೈಟು! ಮೇಕ್‌ಗೆ ಅದು ಹೊಸದಾಗಿಯೇ ಕಾಣುತ್ತದೆ, ಮುಟ್ಟಲ್ಲ. ಖಾಲಿ ಫೈಲುಗಳನ್ನು ಹುಡುಕಿ ಅಳಿಸಿದ ಮೇಲೆ ಸರಿಹೋಯಿತು. ಒಟ್ಟಿಗೆ ನಾಲ್ಕು ಕೆಲಸ ಓಡಿಸು ಅಂತ ಮೇಕ್‌ಗೆ ಜೆ 4 ಕೊಟ್ಟರೆ 4 ಜಿಬಿ ರ‍್ಯಾಮಿನಲ್ಲಿ ಮಷೀನೇ ಕಲ್ಲಾಗುತ್ತಿತ್ತು, ಸೆಕೆಂಡ್‌ಹ್ಯಾಂಡ್ 4 ಜಿಬಿ ಇನ್ನೊಂದು 1,200ಕ್ಕೋ 1,300ಕ್ಕೋ ತಂದೆ. ಒಟ್ಟು ಖರ್ಚು ಅಷ್ಟೇ, ಬಸ್ ಚಾರ್ಜು ಬಿಟ್ಟು.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಬೇರೆಯದೇ. ಟೆಸರಾಕ್ಟ್ ಎದ್ದಿತು, ಆವೃತ್ತಿ 5 ಅಂತಲೂ ಹೇಳಿತು, ನಾನು ಮನೇಲಿ ಪಾಯಸ ಮಾಡಿಸಿದೆ. ಮೊದಲ ಪುಟ ಕೊಟ್ಟರೆ ಪಿಎನ್‌ಜಿ ಓದುವ ಫಂಕ್ಷನ್ನೇ ಇಲ್ಲವಂತೆ. ಪಿಎನ್‌ಜಿ, ಜೆಪೆಗ್, ಟಿಫ್‌ಗಳ ಡೆವ್ ಪ್ಯಾಕೇಜ್ (ಆ ಬಗೆಯ ಚಿತ್ರ ಓದುವುದನ್ನು ಸೇರಿಸಿ ಕಂಪೈಲ್ ಮಾಡಲು ಬೇಕಾದ ಫೈಲುಗಳು) ಇಲ್ಲದಿದ್ದರೂ ಲೆಪ್ಟೋನಿಕಾ ಒಂದು ಮಾತೂ ಆಡದೆ ಕಂಪೈಲ್ ಆಗಿಬಿಡುತ್ತದೆ. ಕಾನ್ಫಿಗರ್ ಓಡುವಾಗ ಸಾಲು ಸಾಲು ಹೋಗುತ್ತಲ್ಲ, ಅದರಲ್ಲಿ "ನೋ" ಅಂತ ಬಂದಿತ್ತು, ನಾನು ಆಗ ಚಾ ಕುಡಿಯಲು ಹೋಗಿದ್ದೆ. ಲೆಪ್ಟೋನಿಕಾ ಒಂದನ್ನೇ ಮತ್ತೆ ಮಾಡಿದ್ದರೆ ಸಾಕಿತ್ತು, ಹೆದರಿ ಟೆಸರಾಕ್ಟನ್ನೂ ಮೊದಲಿಂದ ಮಾಡಿದೆ.

ನಡುವೆ ಸುಮ್ನೆ ವೇಗ ಹೆಚ್ಚಿಸಲು ಓ3, ಮಾರ್ಚ್ ನೇಟಿವ್ ಅನ್ನುವ ಕಂಪೈಲರ್ ಆಯ್ಕೆಗಳನ್ನೆಲ್ಲ ಹಾಕಿ ನೋಡಿದೆ, ಹೇಳಿಕೊಳ್ಳುವಷ್ಟು ಏನೂ ಇಲ್ಲ. ಲಾಭ ಬಂದದ್ದು ಓಎಂಪಿ ಥ್ರೆಡ್ ಮಿತಿಯನ್ನು (ಒಂದು ಪುಟದ ಕೆಲಸ ಒಟ್ಟಿಗೆ ಎಷ್ಟು ಎಳೆಯಲ್ಲಿ ಓಡಬಹುದು ಅನ್ನೋದು) 1ಕ್ಕೆ ಇಳಿಸಿ ನಾಲ್ಕು ಪುಟ ಒಟ್ಟಿಗೆ ಓಡಿಸಿದಾಗ. ಮೊದಲು ಪುಟಕ್ಕೆ 12 ಸೆಕೆಂಡ್ ಹಿಡಿಯುತ್ತಿದ್ದದ್ದು ಸರಾಸರಿ 4ಕ್ಕೆ ಬಂತು. ಗೆದ್ದಲು ಹಿಡಿದ ಪುಟದಲ್ಲಿ ಒತ್ತಕ್ಷರ ಉಳಿಯುವಂತೆ ಚಿತ್ರವನ್ನು ಮೊದಲೇ ಹೇಗೆ ತೊಳೆದುಕೊಳ್ಳುತ್ತೇನೆ ಅನ್ನೋದು ಮಾತ್ರ ಹೇಳಲ್ಲ, ನನ್ನ ಅನ್ನ ಅದರಲ್ಲಿದೆ.

ಮೊನ್ನೆ ಅದೇ ಗೆಳೆಯ ಫೋನ್ ಮಾಡಿ ಆ ಫೋಲ್ಡರ್ ಹಾಗೇ ಕಾಪಿ ಮಾಡಿ ಕೊಡು ಅಂದ. ನನ್ನ ಹೋಮ್ ಫೋಲ್ಡರಿನ ದಾರಿಯೆಲ್ಲ ಅದರೊಳಗೇ ಬರೆದುಕೊಂಡಿದೆ, ಅವನ ಮಷೀನಲ್ಲಿ ಹಾಗೇ ಓಡಲ್ಲ. ಸೋರ್ಸ್ ಟಾರ್ (ಮೂಲ ಕೋಡಿನ ಕಟ್ಟು) ಕಳಿಸಿದ್ದೇನೆ, ಅವನೇ ಮೇಕ್ ಹೊಡೆಯಲಿ.