ಮನೆಯವರ ಫೋಟೋದಲ್ಲಿ ಬಿಗಿದ ಮುಖ: ಕೊನೆಗೆ ಸರಿಹೋದ ರೀತಿ

ತೊಂದರೆ ಇಷ್ಟು: ಮನೆಗೆ ಹೋಗಿ ಕುಟುಂಬದ ಫೋಟೋ ತೆಗೆದರೆ ಎಲ್ಲರ ಹೆಗಲು ಸೆಟೆದಿರುತ್ತಿತ್ತು. ನಗು ಬಾಯಲ್ಲಿ ಮಾತ್ರ, ಕಣ್ಣಲ್ಲಿ ಇಲ್ಲ.

‘ಸ್ಮೈಲ್’ ಅಂತ ಕೂಗುವುದು, ಜೋಕ್, ಚಾಕಲೇಟ್ ಆಸೆ ಯಾವುದೂ ಕೆಲಸಕ್ಕೆ ಬರಲಿಲ್ಲ. ದೂರದಿಂದ ಜೂಮ್ ಹಾಕಿ ಕದ್ದು ತೆಗೆದರೆ ಸಹಜವಾಗಿರುತ್ತಿತ್ತು, ಆದರೆ ಮುಖವೇ ಆ ಕಡೆ ತಿರುಗಿರುತ್ತಿತ್ತು. ಫ್ಲಾಶ್ ಮಿಂಚಿದರಂತೂ ಎಲ್ಲರೂ ಮತ್ತೆ ಬಿಗಿ.

ಕ್ರಮ ಬದಲಿಸಿದಾಗ ಸರಿಹೋಯಿತು. ಮೊದಲು ಕಿಟಕಿ ಹುಡುಕಿ, ಟ್ಯೂಬ್‌ಲೈಟ್ ಆರಿಸಿ. ಎರಡು ಬಗೆಯ ಬೆಳಕು ಸೇರಿದರೆ ಮೈಬಣ್ಣ ಕೆಡುತ್ತದೆ. ಕಿಟಕಿ ಮುಖದ ಪಕ್ಕಕ್ಕಿರಲಿ. ಜನ ಕೂರುವ ಮೊದಲೇ ಸೆಟ್ಟಿಂಗ್ ಮುಗಿಸಿ: 35 ಎಂಎಂ ಲೆನ್ಸ್, ಲೆನ್ಸ್ ಎಷ್ಟು ತೆರೆಯಬೇಕು ಅನ್ನುವ ಎಫ್ ಅಂಕಿ ಇಬ್ಬರಿದ್ದರೆ ಎಫ್/2.8, ಜಾಸ್ತಿ ಜನರಿದ್ದರೆ ಎಫ್/4, ಶಟರ್ 1/250 ಸೆಕೆಂಡ್, ಆಟೊ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ರವರೆಗೆ, ಕಣ್ಣು ಹಿಡಿಯುವ ನಿರಂತರ ಫೋಕಸ್, ಸದ್ದಿಲ್ಲದ ಶಟರ್.

ಆಮೇಲೆ ಕೈಗೆ ಕೆಲಸ ಕೊಡಿ. ಇದೇ ಮುಖ್ಯ. ಅಜ್ಜಿ ಮೊಮ್ಮಗಳಿಗೆ ಜಡೆ ಹೆಣೆಯಲಿ, ಅಪ್ಪ ಮಗ ಅವರೆಕಾಯಿ ಸುಲಿಯಲಿ. ನೀವು ನೆಲದ ಮೇಲೆ ಕೂತು, ಮಗುವಿನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಹಿಡಿಯಿರಿ. ಮೊದಲ ಹತ್ತು ನಿಮಿಷ ಸುಮ್ನೆ ಕ್ಲಿಕ್ಕಿಸಿ, ಅವು ಲೆಕ್ಕಕ್ಕಿಲ್ಲ. ಜಡೆ ಮುಗಿದಾಗ ಮಾತ್ರ ಕ್ಯಾಮೆರಾ ಇಳಿಸಬೇಡಿ. ಅಜ್ಜಿ ಮೊಮ್ಮಗಳ ಮುಖ ತಿರುಗಿಸಿ ನೋಡುವುದು ಆಗಲೇ ಅಲ್ವಾ! ಸಾಲಾಗಿ ನಿಲ್ಲಿಸುವ ಗ್ರೂಪ್ ಫೋಟೋ ಕೊನೆಗೆ ಇಟ್ಟುಕೊಳ್ಳಿ.