ಡ್ರಾ ಕೈಯಲ್ಲಿದ್ದಾಗ ಬೆಟ್ಟೋ, ಚೆಕ್ಕೋ?

ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಎಲ್ಲರಿಗೂ ಸೇರಿ ಮೇಜಿನ ಮೇಲೆ ಐದು ಎಲೆ ಇರುವ ಪೋಕರ್) ಕಲಿಯಲು ಶುರುಮಾಡಿದ ದಿನಗಳಲ್ಲಿ ಡ್ರಾ ಕೈಗಳನ್ನೆಲ್ಲ, ಅಂದರೆ ಬೇಕಾದ ಎಲೆ ಬಂದರೆ ಮಾತ್ರ ಕೂಡುವ ಕೈಗಳನ್ನೆಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅದರ ಮೊದಲ ಹತ್ತು ಪುಟಗಳಲ್ಲಿ ಇರುವುದು ಒಂದೇ ಕಥೆ. ಫ್ಲಶ್ ಡ್ರಾ (ಒಂದೇ ಗುರುತಿನ ಐದು ಎಲೆಗೆ ಒಂದು ಕಡಿಮೆ) ಸಿಕ್ಕಿತು, ಬೆಟ್ ಮಾಡಿದೆ (ಚಿಪ್ಸ್ ಪಣಕ್ಕಿಟ್ಟೆ), ಕಾಲ್ ಬಂತು (ಎದುರಾಳಿಯೂ ಅಷ್ಟೇ ಹಾಕಿದ). ಮತ್ತೆ ಬೆಟ್ ಮಾಡಿದೆ, ಮತ್ತೆ ಕಾಲ್ ಬಂತು. ಎಲೆ ಮಾತ್ರ ಬರಲಿಲ್ಲ. ಡ್ರಾ ಇದ್ದರೆ ಜೋರಾಗಿ ಆಡಬೇಕು ಅಂತ ಯಾರೋ ಹೇಳಿದ್ದನ್ನು ಮಂತ್ರದ ಹಾಗೆ ಹಿಡಿದುಕೊಂಡಿದ್ದೆ. ಅದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ.

ಔಟ್ಸ್ (ಕೈ ಕೂಡಿಸುವ ಎಲೆಗಳು) ಲೆಕ್ಕ ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ, ಬೇಗ ಮುಗಿಸುತ್ತೇನೆ. ಫ್ಲಾಪಿನಲ್ಲಿ (ಮೇಜಿನ ಮೊದಲ ಮೂರು ಎಲೆ) ಫ್ಲಶ್ ಡ್ರಾ ಇದ್ದರೆ 9 ಔಟ್ಸ್: ಟರ್ನ್‌ನಲ್ಲಿ (ನಾಲ್ಕನೇ ಎಲೆ) ಕೂಡುವ ಸಾಧ್ಯತೆ 19%, ರಿವರ್ (ಐದನೇ, ಕೊನೆಯ ಎಲೆ) ತನಕ ನೋಡಿದರೆ 35%. ಎರಡೂ ತುದಿ ತೆರೆದ ಸ್ಟ್ರೇಟ್ (ಸಾಲಾಗಿ ಬರುವ ಐದು ಅಂಕಿ) ಡ್ರಾಗೆ 8 ಔಟ್ಸ್, 17% ಮತ್ತು 31.5%. ನಡುವಿನ ಎಲೆಗೆ ಕಾಯುವ ಗಟ್‌ಶಾಟ್‌ಗೆ 4 ಔಟ್ಸ್, 8.5% ಮತ್ತು 16.5%. ಎರಡನೇ ಅಂಕಿ ಸಿಗುವುದು ಎರಡೂ ಎಲೆ ನೋಡಲು ಆದಾಗ ಮಾತ್ರ. ಟರ್ನ್‌ನಲ್ಲಿ ಮತ್ತೆ ದೊಡ್ಡ ಬೆಟ್ ಎದುರಾಗುವುದಿದ್ದರೆ 35% ಅಂತ ಎಣಿಸುವುದು ನಮಗೆ ನಾವೇ ಟೋಪಿ ಹಾಕಿಕೊಂಡ ಹಾಗೆ.

ಇನ್ನು ಮುಖ್ಯ ವಿಷಯ. ನಾನು ವರ್ಷಗಟ್ಟಲೆ ಕೇಳಿಕೊಂಡ ಪ್ರಶ್ನೆಯೇ ತಪ್ಪಾಗಿತ್ತು. "ಈ ಬೆಟ್‌ನಿಂದ ಲಾಭ ಇದೆಯಾ?" ಅಂತ ಕೇಳುತ್ತಿದ್ದೆ. ಕೇಳಬೇಕಾದ್ದು "ಚೆಕ್ ಮಾಡಿದರೆ (ಏನೂ ಹಾಕದೆ ಸರದಿ ದಾಟಿಸಿದರೆ) ಸಿಗುವುದಕ್ಕಿಂತ ಹೆಚ್ಚು ಲಾಭ ಇದೆಯಾ?" ಅಂತ. ಒಂದು ಕೈ ಹಿಡಿದು ನೋಡೋಣ.

ನನ್ನ ಕೈಯಲ್ಲಿ ಆಟೀನ್ 8, 7. ಟರ್ನ್ ತನಕ ಮೇಜಿನ ಮೇಲೆ ಬಿದ್ದಿರುವುದು ಆಟೀನ್ ರಾಜ, ಆಟೀನ್ 3, ಕಳಾವರ್ 10, ಡೈಮಂಡ್ 2. ಪಾಟ್‌ನಲ್ಲಿ (ಗೆದ್ದವರಿಗೆ ಸಿಗುವ ರಾಶಿಯಲ್ಲಿ) 100 ಚಿಪ್ಸ್. ಎದುರಾಳಿ ಚೆಕ್ ಮಾಡಿದ, ಕೊನೆಯ ಸರದಿ ನನ್ನದು. ಕಾಣದ ಎಲೆಗಳು 46, ಅದರಲ್ಲಿ ನನಗೆ ಬೇಕಾದವು 9, ಅಂದರೆ ಸುಮಾರು 19.6%. ಸುಮ್ಮನೆ ಚೆಕ್ ಮಾಡಿ ಪುಕ್ಕಟೆ ಎಲೆ ನೋಡಿದರೆ 100ರ ಪಾಟ್‌ನಲ್ಲಿ ನನ್ನ ಪಾಲು ಹತ್ತಿರ ಹತ್ತಿರ 20 ಚಿಪ್ಸ್.

ಈಗ 60 ಬೆಟ್ ಮಾಡಿದೆ ಅನ್ನಿ. ಅವನು ಎಲೆ ಬಿಸಾಕಿದರೆ (ಫೋಲ್ಡ್ ಮಾಡಿದರೆ) 100 ನನ್ನದು. ಕಾಲ್ ಮಾಡಿದರೆ ಪಾಟ್ 220 ಆಗುತ್ತದೆ, ಅದರ 19.6% ಅಂದರೆ 43. ಹಾಕಿದ 60 ಕಳೆದರೆ ಸರಾಸರಿ 17ರ ನಷ್ಟ. ಅವನು 100ರಲ್ಲಿ 40 ಸಲ ಫೋಲ್ಡ್ ಮಾಡುವವನಾದರೆ ಒಟ್ಟು ಲಾಭ ಸುಮಾರು 30. ಚೆಕ್‌ನ 20ಕ್ಕಿಂತ ಇದು ಮೇಲು, ಬೆಟ್ ಮಾಡಲೇಬೇಕು. ಅವನು ಬರೀ 20 ಸಲ ಫೋಲ್ಡ್ ಮಾಡುವವನಾದರೆ? ಲಾಭ 6 ಚಿಲ್ಲರೆ. ಲಾಭವೇ ತಾನೇ ಅಂತ ನಾನು ಇಲ್ಲಿ ಖುಷಿಪಡುತ್ತಿದ್ದೆ. ಆದರೆ ಸುಮ್ಮನಿದ್ದಿದ್ದರೆ 20 ಸಿಗುತ್ತಿತ್ತಲ್ಲ! ಬೆಟ್ ಮಾಡಿ 13 ಚಿಪ್ಸ್ ಕೈಯಾರೆ ಬಿಟ್ಟುಕೊಟ್ಟ ಹಾಗಾಯಿತು. ಈ ಲೆಕ್ಕದಲ್ಲಿ ಬೆಟ್ ಮತ್ತು ಚೆಕ್ ಸಮ ಆಗುವುದು ಅವನು 31% ಫೋಲ್ಡ್ ಮಾಡಿದಾಗ. ರಿವರ್‌ನಲ್ಲಿ ನಡೆಯುವ ಬೆಟ್‌ಗಳನ್ನು ಇದರಲ್ಲಿ ಸೇರಿಸಿಲ್ಲ, ಸೇರಿಸಿದರೆ ಅಂಕಿ ಆಚೀಚೆ ಆಗುತ್ತದೆ. ದಿಕ್ಕು ಗೊತ್ತಾಗಲು ಇಷ್ಟು ಸಾಕು.

ನನ್ನ ಹತ್ತು ಪುಟಗಳ ಗುಟ್ಟು ಇಲ್ಲೇ ಇದೆ. ಆಗ ನಾನು ಆಡುತ್ತಿದ್ದುದು ಜೋಡಿ ಸಿಕ್ಕರೆ ಜಪ್ಪಯ್ಯ ಅಂದರೂ ಬಿಡದವರ ಜೊತೆ. ಅಂಥವರ ಎದುರು ಡ್ರಾ ಇಟ್ಟುಕೊಂಡು ಚೆಕ್ ಮಾಡಿ, ಎಲೆ ಕೂಡಿದ ಮೇಲೆ ದೊಡ್ಡದಾಗಿ ಬೆಟ್ ಮಾಡಿ. ಆಗಲೂ ಅವರು ಕಾಲ್ ಮಾಡುತ್ತಾರೆ, ಪಾಪ.

ರಾಜ-3-10-2 ಬಿದ್ದಿದ್ದ ಅದೇ ಮೇಜಿನಲ್ಲಿ ನನ್ನ ಕೈಯಲ್ಲಿ 8-7ರ ಬದಲು ಆಟೀನ್ ಎಕ್ಕ-9 ಇದ್ದರೆ? ಡ್ರಾ ಇನ್ನೂ ಗಟ್ಟಿ, ಆದರೂ ಬೆಟ್ ಮಾಡುವ ಆಸೆ ಕಡಿಮೆ ಆಗಬೇಕು. ಎಕ್ಕ ಒಂದೇ ಕೆಲವು ಸಲ ಪಾಟ್ ಗೆದ್ದುಕೊಡುತ್ತದೆ. ಬೆಟ್ ಮಾಡಿದರೆ ಓಡಿಹೋಗುವುದು ರಾಣಿ-9ರಂಥ, ನಾನು ಆಗಲೇ ಸೋಲಿಸಿರುವ ಕೈಗಳು. 8-7 ಹಿಡಿದಾಗ ಅದೇ ರಾಣಿ-9 ನನ್ನನ್ನು ಸೋಲಿಸುತ್ತಿರುತ್ತದೆ, ಓಡಿಸಿದರೆ ನಿಜವಾದ ಗಳಿಕೆ. ಏನೂ ಇಲ್ಲದ ಡ್ರಾಗೆ ಬೆಟ್, ಸ್ವಲ್ಪ ಬೆಲೆ ಇರುವ ಡ್ರಾಗೆ ಚೆಕ್: ಮೊದಲು ಕೇಳಿದಾಗ ನನಗೂ ತಲೆಕೆಳಗು ಅನಿಸಿತ್ತು.

ರೇಜ್ ಬಂದರೆ (ಎದುರಾಳಿ ನಿಮ್ಮ ಬೆಟ್‌ಗಿಂತ ಹೆಚ್ಚು ಹಾಕಿದರೆ) ಏನು ಮಾಡುತ್ತೀರಿ ಅನ್ನುವುದನ್ನು ಬೆಟ್ ಮಾಡುವ ಮೊದಲೇ ತೀರ್ಮಾನಿಸಿರಬೇಕು. ಇದನ್ನು ನಾನು ಕಲಿತ ಕೈ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನಲ್ಲಿ 9-8, ಫ್ಲಾಪ್ ಇಸ್ಪೀಟ್ 10, ಡೈಮಂಡ್ 7, ಕಳಾವರ್ 2. ಗುಲಾಮ ಬಂದರೂ ಸ್ಟ್ರೇಟ್, 6 ಬಂದರೂ ಸ್ಟ್ರೇಟ್. ಪಾಟ್ 40. ಎದುರಾಳಿ ಚೆಕ್ ಮಾಡಿದ, ನಾನು 30 ಹಾಕಿದೆ. ಅವನು ಹತ್ತಿರ ಇದ್ದ 200 ಪೂರ್ತಿ ಮುಂದೆ ತಳ್ಳಿದ. ಕಾಲ್ ಮಾಡಲು ಇನ್ನೂ 170 ಬೇಕು, ಆಗ ಪಾಟ್ 440 ಆಗುತ್ತದೆ, ಸರಿಹೋಗಬೇಕಾದರೆ 38.6% ಗೆಲುವು ಬೇಕು. ನನ್ನ ಸ್ಟ್ರೇಟ್ ಕೂಡುವುದು 31.5%. ಎಲೆ ಕೆಳಗಿಟ್ಟೆ. ಫೋಲ್ಡ್ ಸರಿಯಾಗಿತ್ತು, ತಪ್ಪಿದ್ದು ಅದಕ್ಕೂ ಮೊದಲಿನ ಬೆಟ್‌ನಲ್ಲಿ. ಅವನ ಚಿಪ್ಸ್ ಎಷ್ಟಿದೆ ಅಂತ ನಾನು ನೋಡಿಯೇ ಇರಲಿಲ್ಲ. ಚೆಕ್ ಮಾಡಿದ್ದರೆ ಟರ್ನ್ ಎಲೆ ಪುಕ್ಕಟೆ ಸಿಗುತ್ತಿತ್ತು.

ರೇಜ್ ಬಂದರೂ ನೋವಾಗದ ಡ್ರಾಗಳು ಎರಡು ಬಗೆ. ಒಂದು, ಬಿಸಾಕಲು ಬೇಸರವೇ ಆಗದ ಬಡ ಡ್ರಾ. 10-9 ಹಿಡಿದಿದ್ದೀರಿ, ಫ್ಲಾಪ್ ರಾಣಿ-8-3. ಗುಲಾಮ ಬಂದರೆ ಮಾತ್ರ ಕೆಲಸ. ಸಣ್ಣದಾಗಿ ಬೆಟ್ ಮಾಡಿ, ರೇಜ್ ಬಂದರೆ ನಗುನಗುತ್ತಾ ಬಿಡಿ. ಇನ್ನೊಂದು, ಓಡುವ ಪ್ರಮೇಯವೇ ಇಲ್ಲದ ರಾಕ್ಷಸ ಡ್ರಾ. ಕೈಯಲ್ಲಿ ಡೈಮಂಡ್ ಗುಲಾಮ-10, ಫ್ಲಾಪ್ ಡೈಮಂಡ್ 9, ಡೈಮಂಡ್ 2, ಇಸ್ಪೀಟ್ 8. ಫ್ಲಶ್ ಮತ್ತು ಸ್ಟ್ರೇಟ್ ಸೇರಿ 15 ಔಟ್ಸ್, ರಿವರ್ ಹೊತ್ತಿಗೆ ಎರಡರಲ್ಲೊಂದು ಕೂಡುವ ಸಾಧ್ಯತೆ 54%. ಅವನು ಪೂರ್ತಿ ತಳ್ಳಿದರೆ ತಳ್ಳಲಿ. ಚಿಂತೆ ಇರುವುದು ಇವೆರಡರ ನಡುವೆ, ನನ್ನ 9-8ರಂಥವುಗಳಲ್ಲಿ. ಅದರಲ್ಲೂ ಎದುರಾಳಿಯ ಚಿಪ್ಸ್ ಪಾಟ್‌ನ ನಾಲ್ಕೈದು ಪಟ್ಟು ಇದ್ದಾಗ.

ಮೊದಲ ಸರದಿ ನಿಮ್ಮದಾದರೆ ಚೆಕ್ ಮಾಡಿದ ಮಾತ್ರಕ್ಕೆ ಪುಕ್ಕಟೆ ಎಲೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ, ಹಾಗಾಗಿ ಚೆಕ್‌ನ ಬೆಲೆ ಕೊಂಚ ಇಳಿಯುತ್ತದೆ. ಆದರೆ ಆಟದಲ್ಲಿ ಇಬ್ಬರು ಮೂವರು ಎದುರಾಳಿಗಳು ಉಳಿದಿದ್ದರೆ ಬೆಟ್ ಕಡೆ ಕೈ ಚಾಚುವ ಮುನ್ನ ಎರಡು ಸಲ ಯೋಚಿಸಿ. ಒಬ್ಬೊಬ್ಬರೂ ಅರ್ಧ ಸಲ ಫೋಲ್ಡ್ ಮಾಡುವವರಾದರೂ ಮೂವರೂ ಒಟ್ಟಿಗೆ ಫೋಲ್ಡ್ ಆಗುವುದು ಎಂಟರಲ್ಲಿ ಒಂದೇ ಸಲ. ಮೇಲಾಗಿ ಅಷ್ಟು ಜನರಿದ್ದಾಗ ನಿಮ್ಮ 8-7ರ ಫ್ಲಶ್ ಕೂಡಿದರೂ ಇನ್ನೊಬ್ಬರ ಹತ್ತಿರ ದೊಡ್ಡ ಫ್ಲಶ್ ಇರಬಹುದು. ಮೇಜಿನ ಮೇಲೆ ಜೋಡಿ ಬಿದ್ದಿದ್ದರೆ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಇನ್ನೊಂದರ ಎರಡು; ಫ್ಲಶ್‌ಗಿಂತ ದೊಡ್ಡದು) ಭಯ ಬೇರೆ.

ರಿವರ್ ಬಂದು ಡ್ರಾ ಕೂಡದೇ ಹೋದಾಗ, ಮೂರನೇ ಸಲ ಬೆಟ್ ಮಾಡಿ ಹೆದರಿಸಲು ನಾನು ಆರಿಸುವುದು ತಪ್ಪಿದ ಸ್ಟ್ರೇಟ್ ಡ್ರಾವನ್ನು, ತಪ್ಪಿದ ಫ್ಲಶ್ ಡ್ರಾವನ್ನಲ್ಲ. ಮೇಜಿನ ಮೇಲೆ ಎರಡು ಆಟೀನ್ ಇವೆ ಅನ್ನಿ, ರಿವರ್‌ನಲ್ಲಿ ಸುಲಭವಾಗಿ ಫೋಲ್ಡ್ ಆಗುವುದು ಎದುರಾಳಿಯ ತಪ್ಪಿದ ಆಟೀನ್ ಡ್ರಾ. ಎರಡು ಆಟೀನ್ ನನ್ನ ಕೈಯಲ್ಲೇ ಇದ್ದರೆ ಅವನ ಹತ್ತಿರ ಅದು ಇರುವ ಸಂಭವ ಕಡಿಮೆ, ಉಳಿದದ್ದೆಲ್ಲ ಕಾಲ್ ಮಾಡುವ ಜೋಡಿಗಳೇ. ಹಾಗಿದ್ದಾಗ ಚೆಕ್ ಮಾಡಿ, ಸೋತ ಕೈ ತೋರಿಸಿ, ಮುಂದಿನ ಎಲೆ ಹಂಚಲು ಬಿಡುತ್ತೇನೆ.