ಹಗಲು ಹೊತ್ತು ಡೀಸೆಲ್ ಸೆಟ್ ನಿಲ್ಲಿಸಿದೆ: ಮಾಲ್ಡೀವ್ಸ್ ದ್ವೀಪದ ನನ್ನ ಅನುಭವ

ಬೆಳಗ್ಗೆ ಒಂಬತ್ತೂವರೆಗೆ ನಮ್ಮ ಪವರ್‌ಹೌಸ್‌ನ ಡೀಸೆಲ್ ಜನರೇಟರ್ ಸೆಟ್ ನಿಂತರೆ ಮತ್ತೆ ಶುರುವಾಗುವುದು ಮೂರೂವರೆ, ನಾಲ್ಕಕ್ಕೆ. ಅಲ್ಲಿಯವರೆಗೆ ಇಡೀ ದ್ವೀಪ ಬಿಸಿಲು ಮತ್ತು ಬ್ಯಾಟರಿಯ ಮೇಲೇ ನಡೆಯುತ್ತದೆ. ಇದು ಆಗುವ ಮಾತಲ್ಲ ಅಂದವರೇ ಹೆಚ್ಚು. ಅದಕ್ಕೇ ಬರೆಯುತ್ತಿದ್ದೇನೆ.

ಮಾಲ್ಡೀವ್ಸ್‌ನಲ್ಲಿ ಜನ ಇರುವ ದ್ವೀಪಗಳು ಇನ್ನೂರರ ಹತ್ತಿರ, ಬಹುತೇಕ ಒಂದೊಂದಕ್ಕೂ ಅದರದೇ ಪವರ್‌ಹೌಸ್. ಬಿದ್ದರೆ ಪಕ್ಕದಿಂದ ಎತ್ತಿ ಹಿಡಿಯುವ ಗ್ರಿಡ್ ಇಲ್ಲ. ನಮ್ಮ ಲೋಡ್ ಮಧ್ಯಾಹ್ನ 110 ಕಿಲೋವ್ಯಾಟ್ ಆಸುಪಾಸು, ರಾತ್ರಿ ಎಂಟಕ್ಕೆ 150.

ಮೊದಲು ಬ್ಯಾಟರಿ ಇಲ್ಲದೆ ಶಾಲೆಯ ಚಾವಣಿ ಮೇಲೆ 80 ಕಿಲೋವ್ಯಾಟ್ ಪ್ಯಾನಲ್ ಹಾಕಿದೆವು. ಇಲ್ಲೇ ಒಂದು ವರ್ಷ ಹಾಳಾಯಿತು. ದೊಡ್ಡ ಸೆಟ್ ಓಡಿಸಿದರೆ ಬಿಸಿಲೇರಿದಾಗ ಅದರ ಲೋಡ್ ಶೇ 30ಕ್ಕಿಂತ ಕೆಳಗಿಳಿದು, ಡೀಸೆಲ್ ಪೂರ್ತಿ ಉರಿಯದೆ ಎಕ್ಸಾಸ್ಟ್ ಜಾಯಿಂಟ್‌ನಲ್ಲಿ ಕರಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸಣ್ಣ ಸೆಟ್ ಓಡಿಸಿದರೆ ಒಂದು ಮೋಡ ಸಾಕು: ಅರ್ಧ ನಿಮಿಷದಲ್ಲಿ ಸೋಲಾರ್ 65ರಿಂದ 15ಕ್ಕೆ, ಫ್ರೀಕ್ವೆನ್ಸಿ ಕುಸಿದು ಪ್ಯಾನಲ್ ಇನ್ವರ್ಟರ್‌ಗಳು ಕಳಚಿಕೊಳ್ಳುತ್ತಿದ್ದವು, ಹಿಂದೆಯೇ ಸೆಟ್ ಟ್ರಿಪ್.

ಆಮೇಲೆ ಪ್ಯಾನಲ್ 240ಕ್ಕೆ ಏರಿಸಿ, 300 ಯೂನಿಟ್ ಹಿಡಿಯುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಕಂಟೇನರ್ ತಂದೆವು. ದೋಣಿ ಸಾಗಣೆ ಸೇರಿ ಒಂದೂವರೆ ಲಕ್ಷ ಡಾಲರ್ ಮುಟ್ಟಿತು. ಕೊಟ್ಟವರು ಸೆಟ್ ಓಡುತ್ತಿದ್ದರೆ ಮಾತ್ರ ನಡೆಯುವ ಹಾಗೆ ಸೆಟ್ಟಿಂಗ್ ಮಾಡಿ ಹೋದರು. 'ಸೆಟ್ ನಿಲ್ಲಿಸಿದರೆ ನಾವು ಜವಾಬ್ದಾರರಲ್ಲ' ಎಂದು ಬರೆದೂ ಕೊಟ್ಟರು. ಅಷ್ಟು ದುಡ್ಡು ಸುರಿದು ಉಳಿತಾಯವಾದ ಡೀಸೆಲ್ ದಿನಕ್ಕೆ ಬರೀ ಎಪ್ಪತ್ತು ಲೀಟರ್. ನನಗೆ ನಿದ್ದೆ ಹತ್ತಲಿಲ್ಲ.

ಬ್ಯಾಟರಿಯ ಇನ್ವರ್ಟರ್ ಅನ್ನೇ ಗ್ರಿಡ್-ಫಾರ್ಮಿಂಗ್ ಮೋಡ್‌ಗೆ ತಂದು, ವೋಲ್ಟೇಜ್, ಫ್ರೀಕ್ವೆನ್ಸಿ ಎರಡನ್ನೂ ಅದರ ಹೆಗಲಿಗೆ ಹಾಕಿದೆ. ಬ್ಯಾಟರಿ ತುಂಬಿದಾಗ ಅದು ಫ್ರೀಕ್ವೆನ್ಸಿ ತುಸು ಏರಿಸುತ್ತದೆ, ಅದನ್ನು ನೋಡಿ ಪ್ಯಾನಲ್ ಇನ್ವರ್ಟರ್‌ಗಳು ಕರೆಂಟ್ ಕೊಡುವುದರಲ್ಲಿ ತಾವೇ ಕೈ ಬಿಗಿಹಿಡಿಯುತ್ತವೆ. ಹನ್ನೊಂದು ದಿನ ಚೆನ್ನಾಗಿ ನಡೆಯಿತು. ಹನ್ನೆರಡನೆಯದು ಶುಕ್ರವಾರ. ಉಪ್ಪು ಗಾಳಿಗೆ ಕಂಟೇನರ್ ಎಸಿಯ ಕಂಡೆನ್ಸರ್ ಫಿನ್‌ಗಳು ಬಿಳಿ ಹಿಟ್ಟಾಗಿ ಉದುರಿದ್ದನ್ನು ಯಾರೂ ನೋಡಿರಲಿಲ್ಲ. ಸೆಲ್ ಬಿಸಿಯಾಗಿ, ಬ್ಯಾಟರಿ ಕಾಯುವ ಬಿಎಂಎಸ್ ತನ್ನ ಕಾಂಟಾಕ್ಟರ್ (ದೊಡ್ಡ ಸ್ವಿಚ್) ಕಳಚಿತು. ಮಸೀದಿ ತುಂಬ ಜನ, ಜುಮಾ ನಮಾಜ್ ಹೊತ್ತು, ಫ್ಯಾನ್ ನಿಂತಿತು. ಸೆಟ್ ಹಚ್ಚಲು ಇಪ್ಪತ್ತು ನಿಮಿಷ ಹಿಡಿಯಿತು. ಹಿರಿಯ ಆಪರೇಟರ್ 'ಒಂದು ಸೆಟ್ ಓಡುತ್ತಲೇ ಇರಬೇಕು ಅಂತ ಹೇಳಿರಲಿಲ್ವಾ ಸರ್' ಅಂದರು. ಉತ್ತರ ಇರಲಿಲ್ಲ.

ಈಗ ಎರಡು ಎಸಿ, ಫಿನ್‌ಗಳಿಗೆ ಕೋಟಿಂಗ್, ವಾರಕ್ಕೊಮ್ಮೆ ಸಿಹಿನೀರಿನ ತೊಳೆತ. ಜಿಐ (ಸತು ಲೇಪದ ಕಬ್ಬಿಣದ) ಬೋಲ್ಟ್ ಎಲ್ಲ ಕಿತ್ತು ಸ್ಟೇನ್‌ಲೆಸ್ ಹಾಕಿದೆವು, ಅಲ್ಯೂಮಿನಿಯಂ ತಾಗುವ ಕಡೆ ನೈಲಾನ್ ವಾಷರ್.

ಶಾರ್ಟ್ ಸರ್ಕ್ಯೂಟ್ ಕರೆಂಟ್ ವಿಷಯ ಯಾರೂ ಎಚ್ಚರಿಸುವುದಿಲ್ಲ. ಶಾರ್ಟ್ ಆದಾಗ ಬ್ರೇಕರ್ ಬೀಳಿಸಲು ಸೆಟ್ ಕೊಡುವಷ್ಟು ಭಾರಿ ಕರೆಂಟನ್ನು ಇನ್ವರ್ಟರ್ ಕೊಡಲಾರದು. ಬಂದರಿನ ಕೇಬಲ್ ಶಾರ್ಟ್ ಆದಾಗ ಆ ಫೀಡರ್‌ನ (ಅತ್ತ ಹೋಗುವ ಲೈನ್‌ನ) ಬ್ರೇಕರ್ ಅಲ್ಲಾಡಲೇ ಇಲ್ಲ, ಇನ್ವರ್ಟರ್ ಮಲಗಿತು. ಪ್ರತಿ ಫೀಡರ್‌ನ ಟ್ರಿಪ್ ಸೆಟ್ಟಿಂಗ್ ಹೊಸದಾಗಿ ಲೆಕ್ಕ ಹಾಕಿ ಇಳಿಸಿದೆ. ಡ್ರೂಪ್ (ಲೋಡ್ ಏರಿದಂತೆ ಫ್ರೀಕ್ವೆನ್ಸಿ ಎಷ್ಟು ಇಳಿಯಬೇಕೆಂಬ ಸೆಟ್ಟಿಂಗ್) ಎಷ್ಟಿಟ್ಟೆ, ಮೋಡಕ್ಕೆ ಮುಂಚೆಯೇ ಸೆಟ್‌ಗೆ ಹೇಗೆ ಸುಳಿವು ಸಿಗುತ್ತದೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮೂರು ವರ್ಷದ ಬೆವರು ಅದು.

ನಡುವೆ ಐಸ್ ಪ್ಲಾಂಟ್ ಮೇಲೂ ಕೈಯಾಡಿಸಿದೆ. ಮೀನುಗಾರರಿಗೆ ಐಸ್ ಬೇಕಾಗುವುದು ನಸುಕಿನಲ್ಲಿ, ಗಟ್ಟಿಮಾಡುತ್ತಿದ್ದುದು ರಾತ್ರಿ. ಕಂಪ್ರೆಸರ್‌ಗೆ ವಿಎಫ್‌ಡಿ (ಮೋಟರ್ ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಹಾಕಿ ಆ ಕೆಲಸವನ್ನು ಹಗಲಿಗೆ ತಳ್ಳಿದೆ. ಮೊದಲ ವಾರ ಬೆಳಗಿನ ಹೊತ್ತಿಗೆ ಐಸ್ ಅರ್ಧ ಕರಗಿತ್ತು, ಬೈಸಿಕೊಂಡೆ. ಸ್ಟೋರ್‌ಗೆ ಮೂರಂಗುಲ ಫೋಮ್ ಹೊಡೆದ ಮೇಲೆ ನಿಂತಿತು. ಬ್ಯಾಟರಿಗಿಂತ ಅಗ್ಗದ ಸ್ಟೋರೇಜ್ ಅದೇ.

ದಿನಕ್ಕೆ ಏಳುನೂರು ಚಿಲ್ಲರೆ ಲೀಟರ್ ಸುಡುತ್ತಿದ್ದ ಪವರ್‌ಹೌಸ್ ಈಗ ಐನೂರರ ಹತ್ತಿರ ಇದೆ. ದೋಣಿ ಬಾಡಿಗೆ ಸೇರಿ ಲೀಟರಿಗೆ 15 ರೂಫಿಯಾ (ಇಲ್ಲಿನ ನಾಣ್ಯ) ಹಿಡಿದರೂ ಬ್ಯಾಟರಿ ದುಡ್ಡು ಮೂರು ವರ್ಷದೊಳಗೆ ಮರಳುತ್ತದೆ. ಹುಳಂಗು (ನೈಋತ್ಯ) ಮಾರುತದ ತಿಂಗಳುಗಳಲ್ಲಿ ಕೆಲವು ದಿನ ಸೆಟ್ ನಿಲ್ಲುವುದೇ ಇಲ್ಲ, ಅದನ್ನೂ ಲೆಕ್ಕದಲ್ಲಿ ಹಿಡಿದಿದ್ದೇನೆ. ಅವತ್ತು ನನ್ನನ್ನು ಕೇಳಿದ ಆಪರೇಟರ್ ಈಗ ಒಂಬತ್ತೂವರೆಗೆ ತಾವೇ ಸ್ಟಾಪ್ ಬಟನ್ ಒತ್ತುತ್ತಾರೆ.